ಮಾಷ್ಟ್ರ ಮನೆಯಲ್ಲಿ ಉಳಿದ ಪಾತ್ರೆ

ಬೇರೆಯವರಿಗೆ ಕಳೆದ ದಿನಗಳು ನೆನಪಾಗಲು ಮಲ್ಲಿಗೆಯ ವಾಸನೆಯೋ ಮೊದಲ ಮಳೆಗೆ ನೆನೆದ ಮಣ್ಣೋ ಬೇಕಾಗುತ್ತದೆ. ನನಗೆ ಬೇಯುವ ಬಟಾಟೆ ಸಾಕು. ಕಳೆದ ಭಾನುವಾರ ಕಾಪುವಿನಲ್ಲಿ ಸುಮತಿ ದೊಡ್ಡಮ್ಮನ ಮನೆಯ ಮೆಟ್ಟಿಲು ಹತ್ತುವಾಗ ಒಳಗಿನಿಂದ ಅದೇ ವಾಸನೆ ಬಂತು. ಒಗ್ಗರಣೆ ಇಲ್ಲ, ಹುಳಿಖಾರದ ಸುಳಿವಿಲ್ಲ, ಬರೀ ನೀರಿನಲ್ಲಿ ಕುದಿಯುತ್ತಿರುವ ಬಟಾಟೆ. ನಮ್ಮ ದೊಡ್ಡಮ್ಮ ಅಂಥದ್ದನ್ನು ಒಲೆಯ ಮೇಲೆ ಇಡುವ ಜನ ಅಲ್ಲ. ಆ ಪದಾರ್ಥದ ಬಗ್ಗೆ ಅವರ ಅಭಿಪ್ರಾಯವೇನೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ, ಏಕೆಂದರೆ ಒಮ್ಮೆ ಅದನ್ನು ಇಂಗ್ಲಿಷಿಗೆ ಅನುವಾದಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಚಪ್ಪಲಿ ಕಳಚಿದವಳು ಅಲ್ಲೇ ನಿಂತುಬಿಟ್ಟೆ. ವಿಲ್ಲೆಮ್ ಮಾಷ್ಟ್ರು ಇದ್ದ ಆ ಮಳೆಗಾಲ ಇಡಿಯಾಗಿ ನೆನಪಾಯಿತು.

ನಾನು ಮಣಿಪಾಲದ ಒಂದು ಕಾಲೇಜಿನಲ್ಲಿ ಸಿವಿಲ್ ವಿಭಾಗದ ಅಧ್ಯಾಪಕಿ. ಕಡಲ್ಕೊರೆತದ ಬಗ್ಗೆ ಒಂದು ಕೋರ್ಸ್ ಶುರುಮಾಡಬೇಕೆಂದು ಎಷ್ಟೋ ಮೀಟಿಂಗುಗಳಲ್ಲಿ ಗಂಟಲು ಹರಿದುಕೊಂಡಿದ್ದೆ. ಪ್ರತಿ ಮಳೆಗಾಲ ಎರ್ಮಾಳಿನಲ್ಲಿ ತೆಂಗಿನಮರಗಳು ಸಮುದ್ರಕ್ಕೆ ಬೀಳುತ್ತಿರುವಾಗ, ಅಲ್ಲಿಂದಲೇ ಬಸ್ಸು ಹಿಡಿದು ಬರುವ ಮಕ್ಕಳಿಗೆ ನಾವು ಎಲ್ಲಿಯದೋ ಅಣೆಕಟ್ಟಿನ ಲೆಕ್ಕ ಹೇಳಿಕೊಡುವುದು ನನಗೆ ಸರಿಕಾಣುತ್ತಿರಲಿಲ್ಲ. ಕೊನೆಗೆ ಮೇಲಿನವರು ಒಪ್ಪಿದರು. ಆದರೆ ಹೊರದೇಶದ ಪ್ರೊಫೆಸರೊಬ್ಬರು ಒಂದು ವರ್ಷ ಪೂರ್ತಿ ಇದ್ದು ಪಾಠ ಮಾಡಬೇಕು ಎಂಬ ಷರತ್ತು ಹಾಕಿದರು. ಮೊದಲು ಬಂದವರು ಮಳೆ ಶುರುವಾದ ವಾರಕ್ಕೇ ಗಂಟುಮೂಟೆ ಕಟ್ಟಿದರು. ಮರುವರ್ಷ ಬಂದವರು ಸ್ವಲ್ಪ ಗಟ್ಟಿ, ಮಳೆ ಬಿಡದೆ ಹೊಡೆಯುವ ಆಟಿ ತಿಂಗಳವರೆಗೆ ತಡೆದುಕೊಂಡು ಆಮೇಲೆ ಹೋದರು. ಮೂರನೆಯವರು ಬರುವ ಮುನ್ನ ನಮ್ಮ ಎಚ್.ಓ.ಡಿ. ನನ್ನನ್ನು ಕರೆದು ಕೂರಿಸಿಕೊಂಡರು.

"ನೋಡಿ ಶೈಲಜಾ, ಇವರೂ ಓಡಿದ್ರೆ ಕೋರ್ಸ್ ಬಂದ್ ಮಾಡುವ. ಮತ್ತೆ ನನ್ನ ಹತ್ರ ಕೇಳ್ಬಾರ್ದು."

ಹಾಗಾಗಿ ಆ ವರ್ಷ ನಾನು ದೇವರಲ್ಲಿ ಬೇಡಿಕೊಂಡದ್ದು ಒಂದೇ. ಬಂದವರು ನಿಲ್ಲಬೇಕು.

ವಿಲ್ಲೆಮ್ ನೆದರ್‌ಲ್ಯಾಂಡ್ಸಿನವರು. ಸಮುದ್ರವನ್ನು ಮನೆಯೊಳಗೆ ಬಾರದಂತೆ ತಡೆಯುವುದು ಅವರ ಊರಿನವರಿಗೆ ಹುಟ್ಟಿನಿಂದ ಬಂದ ವಿದ್ಯೆ. ಅರುವತ್ತರ ಹತ್ತಿರದ ಒಂಟಿ ಜೀವ, ನಮ್ಮ ಬಾಗಿಲುಗಳಿಗೆ ಹೊಂದದ ಎತ್ತರ. ಕ್ಯಾಂಪಸ್ಸಿನ ಕ್ವಾರ್ಟರ್ಸ್ ತೋರಿಸಿದರೆ ಬೇಡವೆಂದರು. ಸಮುದ್ರದ ಪಾಠ ಮಾಡುವವನಿಗೆ ಸಮುದ್ರದ ಸದ್ದು ಕೇಳುವ ಮನೆ ಬೇಕು ಎಂದರು. ಕಾಪುವಿನಲ್ಲಿ ದೊಡ್ಡಮ್ಮನ ಮನೆಯ ಮಹಡಿ ಆಗ ಖಾಲಿ ಇತ್ತು. ದೊಡ್ಡಪ್ಪ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ದಿನವಿಡೀ ಅಲ್ಲೇ ಇರುವವರು. ದೊಡ್ಡಮ್ಮ ಅಂಗಳದ ಮಲ್ಲಿಗೆ ಗಿಡಗಳ ಹೂ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಶಂಕರಪುರದ ಹೂವಿನ ಮಾರುಕಟ್ಟೆಗೆ ಕಳಿಸುತ್ತ, ಉಳಿದ ಹೊತ್ತಿನಲ್ಲಿ ಬೀದಿಯ ಸಮಸ್ತರ ವಿಚಾರಣೆ ನಡೆಸುವವರು. ನಮ್ಮ ಮನೆಮಾತು ತುಳು. ಆದರೆ ಓದಿದವರೊಡನೆ ಕನ್ನಡದಲ್ಲೇ ಮಾತಾಡಬೇಕೆಂಬುದು ದೊಡ್ಡಮ್ಮನ ಕ್ರಮವಾದ್ದರಿಂದ, ಎರಡೂ ಬಾರದ ವಿಲ್ಲೆಮರನ್ನು ಅವರು ಶುದ್ಧ ಕನ್ನಡದಲ್ಲಿ ಬರಮಾಡಿಕೊಂಡರು. ಮೊದಲ ದಿನವೇ ಹಣೆ ಬಾಗಿಲಿಗೆ ಬಡಿದಾಗ, "ಮಾಷ್ಟ್ರೇ, ತಲೆ ಸ್ವಲ್ಪ ತಗ್ಗಿಸಿ ನಡೀಬೇಕು" ಎಂದರು. ಆ ಕ್ಷಣದಿಂದ ಇಡೀ ಕಾಪುವಿಗೆ ಅವರು ಮಾಷ್ಟ್ರು.

ಮೊದಲ ಕ್ಲಾಸಿಗೆ ಅವರನ್ನು ಬಾಗಿಲವರೆಗೆ ಬಿಟ್ಟು ನಾನು ನನ್ನ ಕೋಣೆಗೆ ಬಂದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತಿದ್ದಾರೆ. "ಹಿಂದಿನ ಕ್ಲಾಸಿನವರು ಹೊರಡುತ್ತಿದ್ದಾರೆ. ನಾನು ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಎದ್ದರು. ದಾರಿ ಬಿಡೋಣವೆಂದು ಹೊರಗೆ ಬಂದೆ" ಎಂದರು. ಒಳಗೆ ನಮ್ಮ ಮಕ್ಕಳು ಕೂತುಕೊಳ್ಳಿ ಎನ್ನುವವರಿಲ್ಲದೆ ಇನ್ನೂ ನಿಂತೇ ಇದ್ದರು. ನನ್ನನ್ನು ಸರ್ ಎನ್ನಬೇಡಿ, ಬರೀ ವಿಲ್ಲೆಮ್ ಎನ್ನಿ ಎಂದು ಅವರು ಕೇಳಿಕೊಂಡದ್ದಕ್ಕೆ ಮಕ್ಕಳು ಒಕ್ಕೊರಲಿನಿಂದ "ಯೆಸ್ ವಿಲ್ಲೆಮ್ ಸರ್" ಎಂದರು. ಅರ್ಥವಾಯಿತೇ ಎಂದರೆ ಯೆಸ್ ಸರ್, ಅರ್ಥವಾಗಲಿಲ್ಲವೇ ಎಂದರೂ ಯೆಸ್ ಸರ್. ಕ್ಲಾಸಿನಲ್ಲಿ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಕ್ಲಾಸು ಮುಗಿದ ಮೇಲೆ ಒಬ್ಬೊಬ್ಬರೇ ಅವರ ಕೋಣೆಗೆ ಬಂದು, ಎಲ್ಲರೂ ಅದೇ ಒಂದು ಪ್ರಶ್ನೆಯನ್ನು ಗುಟ್ಟಿನಲ್ಲಿ ಕೇಳಿ ಹೋಗುತ್ತಿದ್ದರು.

ಬಸ್‌ಸ್ಟಾಪಿನಲ್ಲಿ ಅವರು ಕ್ಯೂ ನಿಲ್ಲುತ್ತಿದ್ದರು. ಮುಂದೆ ಯಾರೂ ಇಲ್ಲ, ಹಿಂದೆಯೂ ಇಲ್ಲ, ಅವರೊಬ್ಬರದೇ ಕ್ಯೂ. ಉಡುಪಿಯ ಎಕ್ಸ್‌ಪ್ರೆಸ್ ಬಂದು, ಉಳಿದವರೆಲ್ಲ ಬಾಗಿಲಿಗೆ ಮುತ್ತಿ ಹತ್ತಿ, ಬಸ್ಸು ಹೊರಟೂ ಹೋದ ಮೇಲೆ ಮಾಷ್ಟ್ರು ತಮ್ಮ ಸರದಿಗಾಗಿ ಅಲ್ಲೇ ಇರುತ್ತಿದ್ದರು. ಕೊನೆಗೆ ಒಬ್ಬ ಕಂಡಕ್ಟರನಿಗೆ ಕನಿಕರ ಬಂದು ಅವರ ಚೀಲವನ್ನು ಮೊದಲು ಒಳಗೆ ಎಳೆದುಕೊಂಡ. ಚೀಲದ ಹಿಂದೆ ಅವರೂ ಹತ್ತಲೇಬೇಕಾಯಿತು.

ಇದೆಲ್ಲ ನಗುವ ಮಾತು. ನನಗೆ ನಿಜವಾದ ತಲೆಬಿಸಿ ಶುರುವಾದದ್ದು ಒಂದು ಸ್ಟೀಲ್ ಪಾತ್ರೆಯಿಂದ.

ಅವರು ಬಂದ ಮೊದಲ ವಾರ ದೊಡ್ಡಮ್ಮ ಹೆಸರುಬೇಳೆ ಪಾಯಸ ಮಾಡಿ ಮುಚ್ಚಳವಿರುವ ಪಾತ್ರೆಯಲ್ಲಿ ಮಹಡಿಗೆ ಕಳಿಸಿದರು. ಆ ಪಾತ್ರೆಯ ಮೇಲೆ ಚುಕ್ಕಿ ಚುಕ್ಕಿಯಾಗಿ 'ಸುಮತಿ' ಎಂದು ಹೆಸರು ಕೊರೆಸಿತ್ತು. ಮದುವೆಮನೆ, ಪೂಜೆಮನೆಗಳಿಗೆ ಹೋದ ಪಾತ್ರೆ ಅದಲುಬದಲಾಗದಿರಲಿ ಎಂದು ನಮ್ಮಲ್ಲಿ ಎಲ್ಲರೂ ಹಾಗೆ ಕೊರೆಸುವುದುಂಟು. ಮಾಷ್ಟ್ರು ಪಾಯಸ ಕುಡಿದರು. ಪಾತ್ರೆಯನ್ನು ಸೋಪು ಹಾಕಿ ತೊಳೆದು, ಒರೆಸಿ, ಮುಖ ಕಾಣುವಷ್ಟು ಹೊಳೆಯಿಸಿ, ಆಗಲೇ ಕೆಳಗೆ ತಂದು ಎರಡು ಕೈಯಲ್ಲಿ ಕೊಟ್ಟು ಥ್ಯಾಂಕ್ಸ್ ಹೇಳಿ ಹೋದರು. ನಾನು ಅಲ್ಲೇ ಇದ್ದೆ. ದೊಡ್ಡಮ್ಮ ಮುಚ್ಚಳ ತೆಗೆದು ಒಳಗೆ ನೋಡಿದರು. ಪಾತ್ರೆಯನ್ನು ಬೆಳಕಿಗೆ ಓರೆಮಾಡಿ ಮತ್ತೊಮ್ಮೆ ನೋಡಿದರು.

"ಎಂತ ಇದು, ಖಾಲಿ?"

"ತೊಳೆದು ತಂದಿದ್ದಾರಲ್ಲ ದೊಡ್ಡಮ್ಮ."

"ತೊಳೆದದ್ದು ನನಗೆ ಕಾಣ್ತದೆ. ಒಂದು ಚಮಚ ಸಕ್ಕರೆ ಹಾಕಿ ಕೊಡ್ಲಿಕ್ಕೆ ಆಗುದಿಲ್ವಾ? ಬಂದ ಪಾತ್ರೆ ಖಾಲಿ ವಾಪಸ್ ಕೊಡುವುದು ಯಾರು ಹೇಳು. ಇನ್ನು ನಿಮ್ಮ ಸಹವಾಸ ಬೇಡ ಅಂತ ಇರುವವರು. ಈ ಜನ ನಿಲ್ಲುದಿಲ್ಲ ಮಗಾ."

ದೊಡ್ಡಮ್ಮನಿಗೆ ಅದು ಸಂಪ್ರದಾಯದ ಮಾತು, ನನಗೆ ಕೋರ್ಸಿನ ಅಳಿವು ಉಳಿವು. ಅಡಿಗೆಮನೆಯ ಶಕುನವನ್ನು ಇಂಜಿನಿಯರಾದವಳು ನಂಬಬಾರದು ಎಂದುಕೊಂಡೆ. ಆದರೂ ಮರುದಿನ ಕಾಲೇಜಿಗೆ ಹೋದವಳು ಮೊದಲು ಮಾಡಿದ ಕೆಲಸವೆಂದರೆ ಮಾಷ್ಟ್ರ ಕೋಣೆಗೆ ಹೋಗಿ ಈ ಕ್ರಮವನ್ನು ವಿವರಿಸಿದ್ದು.

ಅವರು ಗಮನವಿಟ್ಟು ಕೇಳಿದರು. "ಅಂದರೆ ಪಾತ್ರೆ ಯಾವ ದಿಕ್ಕಿಗೆ ಹೋದರೂ ಖಾಲಿ ಹೋಗುವಂತಿಲ್ಲ" ಎಂದರು. ಹೌದು ಎಂದೆ. "ಒಳ್ಳೆಯ ನಿಯಮ" ಎಂದರು. ಒಂದು ಚಮಚ ಸಕ್ಕರೆಯೋ ಎರಡು ಬಾಳೆಹಣ್ಣೋ ಸಾಕು ಎಂದು ಸೇರಿಸಲು ನಾನು ಮರೆತೆ. ಮುಂದಿನ ಬಾರಿ ಕೆಸುವಿನೆಲೆಯ ಪತ್ರೊಡೆ ಹೊತ್ತು ಮೇಲೆ ಹೋದ ಪಾತ್ರೆ, ಬಾಯಿಯವರೆಗೆ ಬೇಯಿಸಿದ ಬಟಾಟೆ ತುಂಬಿಕೊಂಡು ಕೆಳಗಿಳಿಯಿತು. ಅವರಿಗೆ ಬರುತ್ತಿದ್ದ ಅಡಿಗೆ ಅದೊಂದೇ. ದೊಡ್ಡಮ್ಮ ಆ ಬಟಾಟೆಯನ್ನು ಬಹಳ ಹೊತ್ತು ನೋಡಿ, ಮೊಸರು ಹಾಕಿ, ಒಗ್ಗರಣೆ ಕೊಟ್ಟು ಹೇಗೋ ಮುಗಿಸಿದರು. ಆದರೆ ಮುಖ ಅರಳಿತ್ತು. ಪಾತ್ರೆ ಖಾಲಿ ಬಂದಿರಲಿಲ್ಲ.

ಇಷ್ಟು ಕೊಟ್ಟವರಿಗೆ ತಿರುಗಿ ಏನಾದರೂ ಕೊಡಬೇಡವೇ ಎಂದು ಮರುದಿನ ದೊಡ್ಡಮ್ಮ ಕಡುಬು ಕಳಿಸಿದರು. ಮತ್ತೆ ಬಟಾಟೆ ಬಂತು. ಪಕ್ಕದ ಮನೆಯ ಆಯಿಷಕ್ಕನಿಗೂ ಹೊಸ ಮಾಷ್ಟ್ರ ಸುದ್ದಿ ತಿಳಿದು, ಅವರ ಮನೆಯಿಂದ ನೈಪತ್ತಿರ್ ಎಂಬ ಕರಿದ ಅಕ್ಕಿರೊಟ್ಟಿ ಬಂತು. ಅದರ ಪಾತ್ರೆಯೂ ಬಟಾಟೆಯೊಂದಿಗೆ ಹಿಂತಿರುಗಿತು. ಮಳೆ ಸುರಿಯುತ್ತಿತ್ತು, ಮೀನುಗಾರಿಕೆ ಬಂದ್ ಆಗಿ ಮಲ್ಪೆಯ ಬೋಟುಗಳೆಲ್ಲ ದಡಕ್ಕೆ ಬಂದಿದ್ದವು, ಒಣಮೀನು ಮತ್ತು ಸೊಪ್ಪುಗಳ ಕಾಲ. ಕಾಪು ಪೇಟೆಯ ತರಕಾರಿ ಅಂಗಡಿಯವನು ಮಾತ್ರ, ಈ ಬೆಳ್ಳಗಿನ ಮನುಷ್ಯ ಹೋಟೆಲ್ ಏನಾದರೂ ತೆರೆದಿದ್ದಾರಾ ಎಂದು ದೊಡ್ಡಪ್ಪನ ಹತ್ತಿರ ವಿಚಾರಿಸಿದನಂತೆ.

ಆಯಿಷಕ್ಕನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅವರೂ ದೊಡ್ಡಮ್ಮನೂ ಒಂದು ಕಾಲದಲ್ಲಿ ಜೀವದ ಗೆಳತಿಯರು. ಒಬ್ಬರ ಮನೆಯ ತೆಂಗಿನಕಾಯಿ ಇನ್ನೊಬ್ಬರ ಮನೆಯಲ್ಲಿ ಹೋಳಾಗುತ್ತಿತ್ತು. ಒಂದು ಮಳೆಗಾಲ ನಮ್ಮ ಅಂಗಳದ ನೀರು ಅವರ ಬಚ್ಚಲಿನ ಕಡೆಗೆ ನುಗ್ಗಿತೆಂದು ಶುರುವಾದ ಮಾತು, ಕಂಪೌಂಡು ಗೋಡೆ ಎತ್ತರವಾಗುವವರೆಗೆ ಹೋಯಿತು. ಅಂದಿನಿಂದ ಮಾತಿಲ್ಲ. ಮಾಷ್ಟ್ರು ಬಂದ ಹೊಸದರಲ್ಲಿ ಇಬ್ಬರೂ ಬೇರೆಬೇರೆಯಾಗಿ ಅವರನ್ನು ಕರೆದು ಆ ನೀರು ಹರಿದ ಚರಂಡಿ ತೋರಿಸಿ ತೀರ್ಪು ಕೇಳಿದ್ದರು. ದೇಶದೇಶಗಳ ಸಮುದ್ರವನ್ನು ತಡೆದು ನಿಲ್ಲಿಸಿದ ಆ ಮನುಷ್ಯ ಚರಂಡಿಯನ್ನು ಎರಡೂ ಬದಿಯಿಂದ ನೋಡಿ, ಇದು ತನ್ನ ವಿಷಯವಲ್ಲ ಎಂದು ಒಳಗೆ ಹೋಗಿದ್ದರು. ಅವರ ಬುದ್ಧಿವಂತಿಕೆಯ ಬಗ್ಗೆ ನನಗೆ ಮೊದಲು ಗೌರವ ಹುಟ್ಟಿದ್ದು ಆಗಲೇ.

ಒಂದು ದಿನ ಬಟಾಟೆ ಮುಗಿದಿತ್ತು, ಹೊರಗೆ ಹೋಗಲಾಗದ ಮಳೆ. ಮಾಷ್ಟ್ರ ಅಡಿಗೆಮನೆಯಲ್ಲಿ ದೊಡ್ಡಮ್ಮನ ಪಾತ್ರೆಯೂ ಇತ್ತು, ಆಯಿಷಕ್ಕನ ಪಾತ್ರೆಯೂ ಇತ್ತು, ಎರಡನ್ನೂ ಹಿಂದಿರುಗಿಸಬೇಕಿತ್ತು. ಅವರು ಸ್ವಲ್ಪ ಯೋಚಿಸಿ, ದೊಡ್ಡಮ್ಮನ ಪತ್ರೊಡೆಯಲ್ಲಿ ಅರ್ಧವನ್ನು ಆಯಿಷಕ್ಕನ ಪಾತ್ರೆಗೂ, ಆಯಿಷಕ್ಕ ಕೊಟ್ಟ ಪಿಂಡಿಯಲ್ಲಿ ಅರ್ಧವನ್ನು ದೊಡ್ಡಮ್ಮನ ಪಾತ್ರೆಗೂ ಹಾಕಿ ಕಳಿಸಿದರು. ಪಿಂಡಿ ಎಂದರೆ ಮಸಾಲೆಯಲ್ಲಿ ಬೇಯಿಸಿದ ಅಕ್ಕಿಯ ಪುಟ್ಟ ಉಂಡೆಗಳು. ದೊಡ್ಡಮ್ಮ ಒಂದು ಉಂಡೆ ಬಾಯಿಗೆ ಹಾಕಿಕೊಂಡರು. "ಇದು ಆಯಿಷನ ಕೈ" ಎಂದು ಮೆಲ್ಲನೆ ಹೇಳಿದರು. ಪೂರ್ತಿ ತಿಂದರು, ಪಾತ್ರೆಯನ್ನು ತಾವೇ ತೊಳೆದರು. ಮರುದಿನ ಬಂದು ನೋಡುತ್ತೇನೆ, ಮತ್ತೆ ಪತ್ರೊಡೆಯ ಹಿಟ್ಟು ರುಬ್ಬುತ್ತಿದ್ದಾರೆ, ಎಂದಿಗಿಂತ ಹೆಚ್ಚು. ಇಷ್ಟು ಯಾಕೆ ಎಂದೆ. "ಮಾಷ್ಟ್ರು ಉದ್ದ ಜನ ಅಲ್ವಾ, ಬೇಕಾಗ್ತದೆ" ಎಂದರು. ಮೆಣಸು ಮಾತ್ರ ಕಡಿಮೆ ಹಾಕಿದ್ದರು. ಖಾರ ಆಗದವರು ಆಯಿಷಕ್ಕ.

ಆಟಿ ತಿಂಗಳು ಬಂತು. ಮಾಷ್ಟ್ರ ಚರ್ಮದ ಶೂಗಳ ಮೇಲೆ ಬಿಳಿ ಬೂಸಲು ಬೆಳೆಯಿತು, ಪುಸ್ತಕಗಳು ಊದಿಕೊಂಡವು. ಒಂದು ಮಧ್ಯಾಹ್ನ ಅವರು ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ನನಗೆ ಆಗಲೇ ವಿಷಯ ಹೊಳೆಯಿತು.

"ನಾನು ಹೋಗುತ್ತೇನೆ ಶೈಲಜಾ" ಎಂದರು. "ಮಳೆಯಿಂದಲ್ಲ. ಮಳೆ ನನಗೆ ಗೊತ್ತು. ಇಲ್ಲಿ ಯಾರೂ ನನಗೆ ತಪ್ಪು ಹೇಳುವುದಿಲ್ಲ. ನನ್ನ ಪಾಠ ಹೇಗಿತ್ತು ಎಂದರೆ ಮಕ್ಕಳು ಚೆನ್ನಾಗಿತ್ತು ಎನ್ನುತ್ತಾರೆ. ಎಚ್.ಓ.ಡಿ. ಎಲ್ಲದಕ್ಕೂ 'ಮಾಡೋಣ' ಎನ್ನುತ್ತಾರೆ. ನನ್ನ ಊರಿನಲ್ಲಾದರೆ ಇಷ್ಟರಲ್ಲಿ ಮೂರು ಜನ ನನ್ನ ಹತ್ತಿರ ಜಗಳ ಮಾಡಿರುತ್ತಿದ್ದರು. ಇಲ್ಲಿ ನಾನು ಇದ್ದೇನೋ ಇಲ್ಲವೋ ಎಂದೇ ನನಗೆ ತಿಳಿಯುತ್ತಿಲ್ಲ."

ನಾನು ಏನೇನೋ ಹೇಳಿದೆ. ಅವರು ಕೇಳಿದರು, ಒಪ್ಪಲಿಲ್ಲ. ಆದರೆ ಹೊರಡುವ ಮುನ್ನ ಒಂದು ಮಾತು ಹೇಳಿದರು. "ಬೇರೆಯವರ ವಸ್ತು ಮನೆಯಲ್ಲಿಟ್ಟುಕೊಂಡು ಹೋಗುವವನಲ್ಲ ನಾನು. ಎಲ್ಲ ಪಾತ್ರೆ ತಿರುಗಿ ಕೊಟ್ಟ ದಿನ ಎಚ್.ಓ.ಡಿ.ಯ ಹತ್ತಿರ ಮಾತಾಡುತ್ತೇನೆ. ತೊಂದರೆಯೆಂದರೆ, ಒಂದನ್ನು ಕೊಟ್ಟು ಬರುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಇದಕ್ಕೆ ಕೊನೆ ಎಲ್ಲಿ?"

ಇದಕ್ಕೆ ಕೊನೆ ಇಲ್ಲ ಎಂದು ನಾನು ಹೇಳಲಿಲ್ಲ. ಸೀದಾ ಕಾಪುವಿಗೆ ಬಂದು ದೊಡ್ಡಮ್ಮನಿಗೆ ಎಲ್ಲ ಹೇಳಿದೆ.

"ತಪ್ಪು ಹೇಳುವವರಿಲ್ಲ ಅಂತ ಬೇಜಾರಾ?" ದೊಡ್ಡಮ್ಮನಿಗೆ ನಂಬಿಕೆಯೇ ಬರಲಿಲ್ಲ. "ಅಷ್ಟೇಯಾ? ಬಾ ನನ್ನೊಟ್ಟಿಗೆ."

ಮೆಟ್ಟಿಲು ಹತ್ತಿ ಹೋದವರೇ ಮಾಷ್ಟ್ರ ಎದುರಿನ ಕುರ್ಚಿಯಲ್ಲಿ ಕೂತರು. ನಾನು ಅನುವಾದಿಸಬೇಕಾಯಿತು.

"ಮಾಷ್ಟ್ರೇ, ನೀವು ಕೊಡುವ ಬಟಾಟೆ ತಿನ್ಲಿಕ್ಕೆ ಆಗುವುದಿಲ್ಲ. ಉಪ್ಪಿಲ್ಲ, ಖಾರ ಇಲ್ಲ, ಎಂತದೂ ಇಲ್ಲ. ಇಷ್ಟು ದಿವಸ ಮರ್ಯಾದೆಗೆ ತಿಂದದ್ದು. ಕೆಲವು ಸಲ ದನಕ್ಕೆ ಹಾಕಿದ್ದೇನೆ. ದನ ಸಹ ಮೂಸಿ ನೋಡಿ ನನ್ನ ಮುಖ ನೋಡ್ತದೆ."

ದನದ ವಿಷಯ ಬಿಟ್ಟುಬಿಡೋಣ ಎಂದು ನನಗೆ ಅನಿಸಿತ್ತು. ಆದರೆ ದೊಡ್ಡಮ್ಮ "ಅದು ಸಹ ಹೇಳು" ಎಂದು ನನ್ನನ್ನೇ ನೋಡುತ್ತಿದ್ದರು. ಹೇಳಿದೆ. ಮಾಷ್ಟ್ರು ನಗತೊಡಗಿದರು. ಆ ದೊಡ್ಡ ಮೈ ಕುರ್ಚಿಯಲ್ಲಿ ಅಲುಗಾಡುವಂತೆ ನಕ್ಕರು. ಅವರು ಬಂದ ಮೇಲೆ ಅವರ ಹಲ್ಲು ನೋಡಿದ್ದು ನಾನು ಅದೇ ಮೊದಲು. ಕಣ್ಣೊರೆಸಿಕೊಂಡು, "ಹಾಗಾದರೆ ಹೇಗೆ ಮಾಡಬೇಕು?" ಎಂದು ಕೇಳಿದರು. ದೊಡ್ಡಮ್ಮ ಆಗಲೇ ಅವರನ್ನು ಅಡಿಗೆಮನೆಗೆ ಎಬ್ಬಿಸಿಕೊಂಡು ಹೋಗಿ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸುವುದನ್ನು ತೋರಿಸಿದರು. ಮೊದಲ ಸಾಸಿವೆ ಸಿಡಿದಾಗ ಮಾಷ್ಟ್ರು ಹಿಂದೆ ಹಾರಿ ತಲೆಯನ್ನು ಅಟ್ಟದ ಹಲಗೆಗೆ ಬಡಿಸಿಕೊಂಡರು.

ಮರುದಿನ ಕ್ಲಾಸಿನಲ್ಲಿ ಅವರು ದನದ ಕಥೆಯನ್ನು ಪೂರ್ತಿ ಹೇಳಿದರಂತೆ. ಆಮೇಲೆ ಬೋರ್ಡಿನ ಮೇಲೆ ಒಂದು ತಡೆಗೋಡೆಯ ಚಿತ್ರ ಬಿಡಿಸಿ, ಇದು ನನ್ನ ಬಟಾಟೆ, ಈಗ ಹೇಳಿ ಎಂದರಂತೆ. ಕೊನೆಗೆ ಹಿಂದಿನ ಬೆಂಚಿನಿಂದ ಎರ್ಮಾಳಿನ ಒಬ್ಬ ಹುಡುಗಿ, "ಸರ್, ಇದು ಮೊದಲ ಮಳೆಗೇ ಬೀಳ್ತದೆ" ಎಂದಳು. ಮಾಷ್ಟ್ರು ಚಾಕ್ ಕೆಳಗಿಟ್ಟು ಅವಳಿಗೆ ಕೈಮುಗಿದರು. ಆ ದಿನದಿಂದ ಆ ಕ್ಲಾಸಿನ ಗಲಾಟೆ ನನ್ನ ಕೋಣೆಯವರೆಗೆ ಕೇಳುತ್ತಿತ್ತು.

ಆದರೂ ಹೋಗುವ ಮಾತನ್ನು ಅವರು ಹಿಂತೆಗೆದುಕೊಂಡಿರಲಿಲ್ಲ. ಪಾತ್ರೆಗಳು ಮುಗಿದ ದಿನ ಎಂಬುದು ಹಾಗೇ ಇತ್ತು. ದೊಡ್ಡಮ್ಮ ಯೋಚನೆ ಮಾಡಿ ಒಂದು ತೀರ್ಮಾನಕ್ಕೆ ಬಂದರು. ಮಾಷ್ಟ್ರ ಅಡಿಗೆಮನೆಯಲ್ಲಿ ನಮ್ಮದೊಂದು ಪಾತ್ರೆ ಸದಾ ಇರಬೇಕು. ಒಂದು ಕೆಳಗೆ ಬರುವ ಮೊದಲು ಇನ್ನೊಂದು ಮೇಲೆ ಹೋಗಿರಬೇಕು. ಒಬ್ಬರೇ ಹೆಂಗಸಿಗೆ ಇದು ಆಗುವ ಕೆಲಸವಲ್ಲ. ಎರಡು ದಿನ ಆ ಕಡೆ ಈ ಕಡೆ ಓಡಾಡಿದ ಮೇಲೆ ಅವರು ಕಂಪೌಂಡು ಗೋಡೆಯ ಹತ್ತಿರ ಹೋಗಿ ನಿಂತು ಕೆಮ್ಮಿದರು.

"ಆಯಿಷಾ, ಇದ್ದೀಯಾ?"

ಆಚೆಯಿಂದ ಆಯಿಷಕ್ಕನ ದನಿ ಬಂತು. "ಇಷ್ಟು ವರ್ಷ ಎಲ್ಲಿಗೆ ಹೋದದ್ದು ನಾನು ಸುಮತಿಯಕ್ಕ? ಇಲ್ಲೇ ಇದ್ದೇನೆ."

ಅವರಿಬ್ಬರೂ ತುಳುವಿನಲ್ಲಿ ಮಾತಾಡಿದ್ದನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ತುಳುವಿನಲ್ಲಿ ಇನ್ನೂ ಚೂಪಾಗಿತ್ತು. ಚರಂಡಿಯ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಬೆಳಗಿನ ಪಾತ್ರೆ ಯಾರದು, ಸಂಜೆಯದ್ದು ಯಾರದು ಎಂದು ಪಾಳಿ ಹಾಕಿಕೊಂಡರು. ಅಲ್ಲಿಂದ ಮುಂದೆ ಮಾಷ್ಟ್ರ ಪಾಡು ಕೇಳಬಾರದು. ಇತ್ತ ಅವರು 'ಸುಮತಿ' ಪಾತ್ರೆ ಹಿಡಿದು ಮೆಟ್ಟಿಲು ಇಳಿಯುವಾಗಲೇ ಅತ್ತ ಆಯಿಷಕ್ಕ ಕೊಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಮಾಷ್ಟ್ರು ಸ್ವಲ್ಪ ದಪ್ಪವೂ ಆದರು.

ಆಗ ಕಾರ್ಕಳದಲ್ಲಿ ದೊಡ್ಡಮ್ಮನ ಮಗಳ ಹೊಸಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಬಂತು. ಹಳೆಯ ಗೆಳೆತನ ಮತ್ತೆ ಚಿಗುರಿದ್ದರಿಂದ ಆಯಿಷಕ್ಕನಿಗೂ ಕರೆ ಹೋಯಿತು. ಇಬ್ಬರೂ ಒಳ್ಳೆಯ ಸೀರೆ ಉಟ್ಟು, ಹಿಂದಿನ ದಿನವೇ ಒಂದೇ ಕಾರಿನಲ್ಲಿ ಹೊರಟರು. ನನಗೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿದ್ದದ್ದರಿಂದ ಹೋಗಲಾಗಲಿಲ್ಲ. ಒಕ್ಕಲಿನ ಮಧ್ಯಾಹ್ನ ನನ್ನ ಫೋನು ಬಡಿದುಕೊಂಡಿತು. ಆ ಕಡೆ ಊಟದ ಗದ್ದಲ, ಅದರ ನಡುವೆ ದೊಡ್ಡಮ್ಮನ ದನಿ.

"ಮಗಾ, ತಪ್ಪಿ ಹೋಯ್ತು. ಆಯಿಷಾ ಪಾತ್ರೆ ಇಟ್ಟು ಬಂದಿದ್ದಾಳೆ ಅಂತ ನಾನು. ನಾನು ಇಟ್ಟಿದ್ದೇನೆ ಅಂತ ಅವಳು. ಈಗ ಇಲ್ಲಿ ಬಡಿಸುವಾಗ ಗೊತ್ತಾದದ್ದು. ಮಾಷ್ಟ್ರ ಮನೆಯಲ್ಲಿ ನಿನ್ನೆಯಿಂದ ನಮ್ಮದು ಎಂತದೂ ಇಲ್ಲ. ನೀನೊಮ್ಮೆ ಓಡು."

ಮಣಿಪಾಲದಿಂದ ಕಾಪುವಿನವರೆಗೆ ನಾನು ಹೇಗೆ ಕಾರು ಓಡಿಸಿದೆನೋ ತಿಳಿಯದು. ವೈಪರ್ ಎಷ್ಟು ತಳ್ಳಿದರೂ ಮಳೆ ಸರಿಯುತ್ತಿರಲಿಲ್ಲ. ಮಾಷ್ಟ್ರು ಆ ದಿನ ರಜೆ ಹಾಕಿದ್ದರು. ಅದು ನೆನಪಾದಾಗ ಕೋರ್ಸಿನ ಕಥೆ ಮುಗಿಯಿತೆಂದೇ ಅಂದುಕೊಂಡೆ. ಎಷ್ಟೋ ಮೀಟಿಂಗುಗಳ ಜಗಳ, ಮೂರು ವರ್ಷದ ಕಾಯುವಿಕೆ, ಎಲ್ಲ ಒಂದು ಕಡುಬಿನ ಪಾತ್ರೆಯ ಕೊರತೆಯಿಂದ ನೀರಿನಲ್ಲಿ ಹೋಯಿತಲ್ಲ ಎಂದು ಅಳುವೇ ಬಂತು.

ಮಹಡಿಯ ಬಾಗಿಲು ತೆರೆದೇ ಇತ್ತು. ಅಡಿಗೆಮನೆಯ ಕಟ್ಟೆ ಬರಿದಾಗಿತ್ತು, ಒಂದೂ ಪಾತ್ರೆ ಇಲ್ಲ. ಮಾಷ್ಟ್ರು ಮೇಲಿನ ಮೆಟ್ಟಿಲಿನ ಮೇಲೆ ಮಡಿಲಲ್ಲಿ ತಮ್ಮದೇ ಒಂದು ಡಬ್ಬಿ ಇಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

"ಇಬ್ಬರೂ ಎಲ್ಲಿಗೆ ಹೋದರು?" ಎಂದು ಕೇಳಿದರು. "ನಿನ್ನೆಯಿಂದ ಯಾರೂ ಬಂದಿಲ್ಲ. ಎರಡೂ ಮನೆಗೆ ಬೀಗ. ನನ್ನಿಂದ ಏನಾದರೂ ತಪ್ಪಾಯಿತೇ?"

ಕಾರ್ಕಳದ ವಿಷಯ ಹೇಳಿದೆ. ಅವರು ದೊಡ್ಡದೊಂದು ಉಸಿರು ಬಿಟ್ಟರು. "ನನ್ನ ಹತ್ತಿರ ಈಗ ಯಾರ ಪಾತ್ರೆಯೂ ಇಲ್ಲ" ಎಂದರು.

"ಗೊತ್ತು" ಎಂದೆ. "ಎಚ್.ಓ.ಡಿ.ಯ ಹತ್ತಿರ ಮಾತಾಡುತ್ತೀರಾ?"

ಅವರು ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು. ಅರಸಿನ ಹಾಕಿದ ಬಟಾಟೆ ಪಲ್ಯ, ಮೇಲೆ ಸಾಸಿವೆ, ಕರಿಬೇವು. ಸಾಸಿವೆ ಸ್ವಲ್ಪ ಸೀದಿತ್ತು. "ಬೆಳಿಗ್ಗೆಯಿಂದ ಖಾಲಿ ಕಟ್ಟೆ ನೋಡುತ್ತಿದ್ದೇನೆ. ನನಗೆ ಹಿಡಿಸಲಿಲ್ಲ" ಎಂದರು. "ಅವರು ಬಂದ ಮೇಲೆ ಇದನ್ನು ಕೊಡಬೇಕು. ಡಬ್ಬಿ ನನ್ನದು. ಅವರು ಖಾಲಿ ವಾಪಸ್ ಕೊಡುವುದಿಲ್ಲ ತಾನೆ?"

ಇಲ್ಲ ಎಂದೆ. ಅಲ್ಲೇ ಮೆಟ್ಟಿಲಿನ ಮೇಲೆ ಕೂತು ಆ ಪಲ್ಯದ ರುಚಿ ನೋಡಿದೆ. ಉಪ್ಪು ಹೆಚ್ಚಾಗಿತ್ತು. ಅದನ್ನು ಅವರಿಗೆ ಹೇಳಿದೆ. ಅವರಿಗೆ ಬಹಳ ಸಂತೋಷವಾಯಿತು.

ಅವರು ವರ್ಷ ಪೂರ್ತಿ ನಿಂತರು. ಕೋರ್ಸ್ ಉಳಿಯಿತು. ಈಗ ಅದನ್ನು ನಾನೇ ಪಾಠ ಮಾಡುತ್ತೇನೆ. ಮೊದಲ ದಿನ ಬೋರ್ಡಿನ ಮೇಲೆ ಬೀಳುವ ಗೋಡೆಯೊಂದನ್ನು ಬಿಡಿಸಿ ಸುಮ್ಮನೆ ಕಾಯುತ್ತೇನೆ. ಆ ವರ್ಷದ ಕೊನೆಗೆ, ಮೇ ತಿಂಗಳಲ್ಲಿ, ಅವರು ಹೊರಡುವ ದಿನ ಬಂದಾಗ ಎಲ್ಲ ಪಾತ್ರೆಗಳನ್ನೂ ತುಂಬಿ, ಒಂದೂ ಬಿಡದೆ ಹಿಂದಿರುಗಿಸಿದ್ದರು. ಕಾರು ಗೇಟಿನ ಹೊರಗೆ ನಿಂತಿತ್ತು. ದೊಡ್ಡಮ್ಮ ಒಳಗಿನಿಂದ ಆ ಹಳೆಯ 'ಸುಮತಿ' ಪಾತ್ರೆ ತಂದು ಅವರ ಕೈಗೆ ಕೊಟ್ಟರು. ಮೇಲಿನ ಅರ್ಧ ದೊಡ್ಡಮ್ಮನ ರವೆ ಉಂಡೆ, ಕೆಳಗಿನ ಅರ್ಧ ಆಯಿಷಕ್ಕನದ್ದು.

"ಇದನ್ನು ಹೇಗೆ ವಾಪಸ್ ಕೊಡಲಿ?" ಮಾಷ್ಟ್ರು ಗಾಬರಿಯಿಂದ ನನ್ನನ್ನು ನೋಡಿದರು. "ಪಾರ್ಸೆಲ್ ಮಾಡಿ ಕಳಿಸಬಹುದೇ?"

ದೊಡ್ಡಮ್ಮ ನನ್ನ ಅನುವಾದ ಕೇಳಿ ತಲೆಯಾಡಿಸಿದರು. "ಪಾತ್ರೆ ಕಳಿಸುವುದಲ್ಲ ಮಾಷ್ಟ್ರೇ, ತರುವುದು."

ಅವರು ಪಾತ್ರೆಯನ್ನು ಎದೆಗೆ ಒತ್ತಿ ಹಿಡಿದುಕೊಂಡೇ ಕಾರಿನಲ್ಲಿ ಕೂತರು. ಆಯಿಷಕ್ಕ ಮುಖ ಆಚೆ ತಿರುಗಿಸಿದರು. ನನಗೂ ಆಚೆ ತಿರುಗಿಸಬೇಕಾಯಿತು.

ಕಳೆದ ಭಾನುವಾರ ಬಟಾಟೆಯ ವಾಸನೆ ಹಿಡಿದು ನಾನು ಅಡಿಗೆಮನೆಗೆ ಹೋದಾಗ ದೊಡ್ಡಮ್ಮ ಒಲೆಯ ಮುಂದೆ ಗಂಭೀರವಾಗಿ ನಿಂತಿದ್ದರು.

"ಮಾಷ್ಟ್ರು ನಾಡಿದ್ದು ಬರ್ತಾರಂತೆ" ಎಂದರು. "ನಿನ್ನೆ ಫೋನ್ ಮಾಡಿ ಹರಕು ಕನ್ನಡದಲ್ಲಿ ಹೇಳಿದ್ರು."

ನನಗೂ ಹೇಳಿರಲಿಲ್ಲ, ಕಾಲೇಜಿಗೂ ಹೇಳಿರಲಿಲ್ಲ. "ಕಾಲೇಜಿನಲ್ಲಿ ಎಂತದು ಕಾರ್ಯಕ್ರಮ?" ಎಂದು ಕೇಳಿದೆ.

"ಕಾಲೇಜಿಗೆ ಎಂತಕ್ಕೆ? ಪಾತ್ರೆ ಕೊಡ್ಲಿಕ್ಕೆ ಬರುವುದು ಅವರು. ಅಷ್ಟು ದೂರದಿಂದ ಬರುವವರಿಗೆ ಮೊದಲ ದಿವಸ ಅವರ ಊರಿನ ಊಟವೇ ಇರ್ಲಿ ಅಂತ. ಒಮ್ಮೆ ಮಾಡಿ ನೋಡ್ತಾ ಇದ್ದೇನೆ. ಒಗ್ಗರಣೆ ಹಾಕದೆ ಇರ್ಲಿಕ್ಕೆ ಕೈ ಕೇಳುದಿಲ್ಲ ಮಾರಾಯ್ತಿ."

ಮೇಜಿನ ಮೇಲೆ ಒಂದು ಹೊಸ ಸ್ಟೀಲ್ ಪಾತ್ರೆ ಇತ್ತು, ಹಳೆಯದಕ್ಕಿಂತ ದೊಡ್ಡದು. ಪಾತ್ರೆಯ ಮೇಲೆ 'ಸುಮತಿ' ಎಂದು ಕೊರೆಸಿತ್ತು, ಮುಚ್ಚಳದ ಮೇಲೆ 'ಆಯಿಷಾ' ಎಂದು. ಯಾರ ಹೆಸರು ಮೊದಲು ಎಂದು ಉಡುಪಿಯ ಅಂಗಡಿಯಲ್ಲಿ ಇಬ್ಬರೂ ಸಾಕಷ್ಟು ಚರ್ಚೆ ಮಾಡಿ ಕೊನೆಗೆ ಹಾಗೆ ಮಾಡಿಸಿದರಂತೆ. ನಾನು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ.

"ಹಳೆಯದು ವಾಪಸ್ ಬರ್ತದಲ್ಲ ದೊಡ್ಡಮ್ಮ, ಮತ್ತೆ ಹೊಸತು ಎಂತಕ್ಕೆ?"

"ಅದು ಬಂದ್ರೆ ಅವರ ಹತ್ರ ನಮ್ಮದು ಎಂತ ಉಳೀತು ಮಗಾ?"

ಹೀಗೆ ಹೇಳಿ ಅವರು ಗ್ಯಾಸ್ ಆರಿಸಿದರು, ಬಟಾಟೆಯ ನೀರು ಬಸಿದರು. ಅಭ್ಯಾಸಬಲದಿಂದ ಸಾಸಿವೆ ಡಬ್ಬಿಯ ಕಡೆಗೆ ಹೋದ ಕೈಯನ್ನು ಅರ್ಧದಲ್ಲೇ ಹಿಂದಕ್ಕೆ ತೆಗೆದುಕೊಂಡರು.